ಎರಡು ಬೆರಳು, ಐದು ಸ್ವರ, ಒಂದು ಹನಿ ಕೊಬ್ಬರಿ ಎಣ್ಣೆ

1968ರಲ್ಲಿ ನಾನು ಜಯನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಂಗೀತದ ಟೀಚರಾಗಿದ್ದೆ. ವಯಸ್ಸು ಇಪ್ಪತ್ತಾರು, ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಕ್ಲಾಸಿಗೆ ನಲವತ್ತು ಹುಡುಗಿಯರು, ಸ್ಕೂಲಿಗೆಲ್ಲ ನಾಲ್ಕು ವೀಣೆ, ಅದರಲ್ಲೊಂದರ ಬುರುಡೆ ಒಡೆದಿತ್ತು. ಆದ್ದರಿಂದ ಮೂವರು ನುಡಿಸುವುದು, ಮೂವತ್ತೇಳು ಜನ ಹಾಡುವುದು. ದಿನಕ್ಕೆ ಐದು ಪೀರಿಯಡ್, ಐದರಲ್ಲೂ ಸರಳೆ ವರಸೆ. ಏಳು ಸ್ವರಗಳನ್ನು ಹತ್ತಿಸಿ ಇಳಿಸುವ ಮೊದಲನೆಯ ಪಾಠ ಅದು. ಬೆಳಿಗ್ಗೆ ಹತ್ತೂವರೆಗೆ ಹತ್ತಲು ಶುರು ಮಾಡಿದರೆ ಸಾಯಂಕಾಲ ನಾಲ್ಕಕ್ಕೆ ಇಳಿಯುತ್ತಿದ್ದೆ. ಮಾರನೆಯ ದಿನ ಮತ್ತೆ ಅದೇ. ಮೈಮೇಲೆ ಇರುವೆ ಬಿಟ್ಟ ಹಾಗಾಗುತ್ತಿತ್ತು.

ಇದನ್ನು ಫೋನಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಕಲಿತು ಮೂರು ವಾರವಾಯಿತು. ಮೊಮ್ಮಗಳು ಎರಡು ಹೆಬ್ಬೆರಳಿನಲ್ಲಿ ಟಪಟಪ ಹೊಡೆಯುತ್ತಾಳೆ. ನನಗೆ ತೋರುಬೆರಳು, ನಡುಬೆರಳೇ ಆಗಬೇಕು. "ಅಜ್ಜಿ, ಎರಡು ಬೆರಳು ಜೋಡಿಸ್ಕೊಂಡು ಹಿಂಗ್ ಯಾರೂ ಟೈಪ್ ಮಾಡಲ್ಲ" ಅಂದಳು. ವೀಣೆಯವರ ಎಡಗೈಗೆ ಇರುವುದೇ ಈ ಎರಡು ಬೆರಳು ಕಣೇ, ಇವೆರಡನ್ನೇ ನಂಬಿ ಒಬ್ಬ ಗಿಟಾರ್ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದ ಎಂದೆ. "ಹಾಗಾದ್ರೆ ಅದನ್ನೇ ಬರಿ" ಅಂದಳು.

ಹೆಡ್‌ಮಿಸ್ಟ್ರೆಸ್‌ಗೆ ನನ್ನ ಮೇಲೆ ಒಂದೇ ಒಂದು ದೂರಿತ್ತು. "ನಿಮ್ ಕ್ಲಾಸಲ್ಲಿ ಮಾತ್ರ ಈ ಹುಡುಗೀರು ಯಾಕ್ರೀ ಹಿಂಗೆ ಕಾಲು ಅಲ್ಲಾಡಿಸ್ತಾರೆ? ಲೆಕ್ಕದ ಕ್ಲಾಸಲ್ಲಿ ಗೊಂಬೆ ಥರ ಕೂತಿರ್ತಾರೆ." ದಿನಾ ಗದರುತ್ತಿದ್ದೆ. "ಕಾಲು!" ಎಂದರೆ ಎಲ್ಲರೂ ಪಾದಗಳನ್ನು ಲಂಗದೊಳಗೆ ಸೇರಿಸಿಕೊಳ್ಳುತ್ತಿದ್ದರು. ಎರಡು ನಿಮಿಷಕ್ಕೆ ಲಂಗಗಳೇ ಅಲ್ಲಾಡುತ್ತಿದ್ದವು. ಲೆಕ್ಕದ ಟೀಚರ್ ಹತ್ತಿರ ಬೆತ್ತವಿದೆ, ನನ್ನ ಹತ್ತಿರ ಇಲ್ಲ, ಅದಕ್ಕೇ ಇರಬೇಕು ಎಂದುಕೊಂಡಿದ್ದೆ.

ಆ ವರ್ಷದ ಮಳೆಗಾಲದಲ್ಲಿ ಒಂದು ಶನಿವಾರ ಸಾಯಂಕಾಲ ಮನೆಯ ಗೇಟಿನ ಹತ್ತಿರ ಒಬ್ಬ ಹುಡುಗ ಸೈಕಲ್ ನಿಲ್ಲಿಸಿದ. ಇಪ್ಪತ್ತಮೂರು ಇರಬಹುದು. ಕಿವಿ ಮುಚ್ಚುವ ಕೂದಲು, ಕಾಲಿಗೆ ಹೊಲಿದುಬಿಟ್ಟ ಹಾಗಿದ್ದ ಪ್ಯಾಂಟು, ಬೆನ್ನ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಏನೋ ಒಂದು. ನಮ್ಮತ್ತೆ ಜಗಲಿಯಲ್ಲಿ ಕನಕಾಂಬರ ಕಟ್ಟುತ್ತಾ ಕೂತಿದ್ದರು.

"ವೀಣೆ ಮಿಸ್ ಮನೆ ಇದೇನಾ ಅಜ್ಜಿ? ನಾನು ಮುನಿರಾಜು. ಜರಗನಹಳ್ಳಿ. ನಮ್ ತಂಗಿ ನಾಗರತ್ನ ಮಿಸ್ ಹತ್ರಾನೇ ಓದ್ತಿರೋದು."

ಆಗ ಜೆ.ಪಿ. ನಗರ ಎಂಬ ಹೆಸರೇ ಹುಟ್ಟಿರಲಿಲ್ಲ. ಕನಕಪುರ ರಸ್ತೆಯಲ್ಲಿ ಜರಗನಹಳ್ಳಿ ಎಂದರೆ ಹೊಲ, ಹೂವಿನ ತೋಟ, ಸೊಪ್ಪಿನ ಮಡಿ. ಅವನ ಮನೆಯವರದ್ದೂ ತೋಟವೇ. ಅವನು ಗೋಣಿಚೀಲ ಬಿಚ್ಚಿದ. ಒಳಗಿದ್ದದ್ದು ಕೆಂಪು ಬಣ್ಣದ ಎಲೆಕ್ಟ್ರಿಕ್ ಗಿಟಾರ್. ನಾನು ಅಲ್ಲಿಯವರೆಗೆ ಅದನ್ನು ಪತ್ರಿಕೆಯ ಚಿತ್ರದಲ್ಲಿ ಮಾತ್ರ ನೋಡಿದ್ದೆ. ಅತ್ತೆ ಕನ್ನಡಕ ಏರಿಸಿಕೊಂಡು ಎದ್ದು ಬಂದರು.

"ಇದಕ್ಕೆ ಹೊಟ್ಟೇನೇ ಇಲ್ವಲ್ಲೋ! ನಾದ ಎಲ್ಲಿಂದ ಬರತ್ತೆ?"

"ಕರೆಂಟಿಂದ ಅಜ್ಜಿ."

"ಕರೆಂಟು ಹೋದ್ರೆ?"

"ಸುಮ್ನಾಗ್ಬಿಡತ್ತೆ."

"ನಮ್ ಮನೇಲಿ ಎಲ್ಲರ್ಗೂ ಹಂಗೊಂದು ಸ್ವಿಚ್ ಇದ್ದಿದ್ರೆ ಚೆನ್ನಾಗಿರೋದು" ಎಂದು ನನ್ನ ಕಡೆ ನೋಡಿದರು.

ಅವನು ನಗಲಿಲ್ಲ. ಎಡಗೈ ಚಾಚಿ ತೋರಿಸಿದ. ತೋಟದ ಪಂಪ್‌ಸೆಟ್ಟಿನ ಬೆಲ್ಟಿಗೆ ಸಿಕ್ಕಿ ಉಂಗುರಬೆರಳು, ಕಿರುಬೆರಳು ಎರಡೂ ಮಡಚಿಕೊಂಡು ಗಟ್ಟಿಯಾಗಿಬಿಟ್ಟಿದ್ದವು. ಗಾಯ ಮಾಗಿ ನಾಲ್ಕು ತಿಂಗಳಾಗಿತ್ತು. ಅವು ಇನ್ನು ಬಿಚ್ಚುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಕ್ಯಾಂಟೋನ್ಮೆಂಟಿನಲ್ಲಿ ಇಂಗ್ಲಿಷ್ ಹಾಡು ನುಡಿಸುವ ನಾಲ್ಕು ಜನರ ಒಂದು ಬೀಟ್ ಗ್ರೂಪ್ ಇತ್ತು, ಅದರಲ್ಲಿ ಇವನು ಲೀಡ್ ಗಿಟಾರ್. ಎಂದರೆ ಹಾಡಿನ ನಡುವೆ ಎಲ್ಲರೂ ಹಿಂದಕ್ಕೆ ಸರಿದಾಗ ಒಬ್ಬನೇ ಮುಂದೆ ಬಂದು ನುಡಿಸುವವನು. ಒಂದು ಹೋಟೆಲಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಜಾಮ್ ಸೆಷನ್ ಎಂಬ ಹಾಡು-ಡ್ಯಾನ್ಸಿನ ಕಾರ್ಯಕ್ರಮ ನಡೆಯುತ್ತಿತ್ತು. ಆ ಗ್ರೂಪಿಗೆ ಅಲ್ಲಿ ಕಾಯಂ ಆಗಿ ನುಡಿಸುವ ಅವಕಾಶ ಬಂದಿತ್ತು. ಲೀಡರ್ ವಿಕ್ಟರ್ ಇವನಿಗೆ ಆರು ವಾರ ಗಡುವು ಕೊಟ್ಟಿದ್ದ. ಅಷ್ಟರಲ್ಲಿ ಮೊದಲಿನ ಹಾಗೆ ನುಡಿಸಿ ತೋರಿಸಬೇಕು, ಇಲ್ಲದಿದ್ದರೆ ಆ ಜಾಗಕ್ಕೆ ಬೇರೆ ಹುಡುಗ ಸಿದ್ಧವಾಗಿದ್ದಾನೆ.

"ಡ್ರಮ್ಸ್ ಹುಡುಗ ಏನಂದ ಗೊತ್ತಾ ಮಿಸ್? ಮಗಾ, ನಿಂಗೆ ಟ್ಯಾಂಬೊರಿನ್ ಕೊಡ್ತೀವಿ, ಗಿಲಕಿ ಥರ ಅಲ್ಲಾಡಿಸ್ಕೊಂಡು ನಿಂತ್ಕೊ ಅಂದ."

"ನನ್ನ ಹತ್ತಿರ ಯಾಕೆ ಬಂದೆ? ನನಗೆ ಗಿಟಾರ್ ಬರಲ್ಲ."

"ನಾಗಿ ಹೇಳಿದ್ಲು. ವೀಣೆ ಮಿಸ್ ಎರಡೇ ಬೆರಳಲ್ಲಿ ಎಲ್ಲಾ ಬಾರಿಸ್ತಾರೆ ಅಂತ."

ನಿಜವೇ. ವೀಣೆಯಲ್ಲಿ ತಂತಿಯನ್ನು ಮೆಟ್ಟಿಲ ಮೇಲೆ ಒತ್ತಲು ನಮಗೆ ಬೇಕಾದದ್ದು ಎಡಗೈಯ ತೋರುಬೆರಳು, ನಡುಬೆರಳು ಮಾತ್ರ. ಆದರೆ ಅದನ್ನು ಒಂದು ಅನುಕೂಲ ಎಂದು ಯಾರೂ ಯಾವತ್ತೂ ಹೇಳಿರಲಿಲ್ಲ. ನನ್ನ ಗುರುಗಳ ನಿಯಮದ ಪ್ರಕಾರ ಮೂರು ತಿಂಗಳು ಸರಳೆ ವರಸೆ ಆಗದೆ ಯಾರಿಗೂ ಬೇರೇನೂ ಹೇಳಿಕೊಡುವ ಹಾಗಿರಲಿಲ್ಲ. ಆರು ವಾರ ಎಂದು ಅವನು ಹೇಳಿದಾಗ ನನಗೆ ಖುಷಿಯಾದದ್ದು ಅದಕ್ಕೇ. ನಿಯಮ ಮುರಿಯಲು ಇಷ್ಟು ಒಳ್ಳೆಯ ನೆಪ ಮತ್ತೆಲ್ಲಿ ಸಿಗುತ್ತದೆ?

"ಕೂತ್ಕೋ. ನಿನಗೆ ಬರೋದನ್ನ ಬಾರಿಸು."

ಕೂರಲಾಗಲಿಲ್ಲ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಲು ಹೋದರೆ ಪ್ಯಾಂಟು ಬಗ್ಗಲೊಲ್ಲದು. ಅತ್ತೆ ಒಳಗೆ ಹೋಗಿ ಮಾವನವರ ಪಂಚೆ ತಂದುಕೊಟ್ಟರು. ಹೀಗೆ ಕೆಂಪು ಎಲೆಕ್ಟ್ರಿಕ್ ಗಿಟಾರಿನ ಮೊದಲ ಪಾಠ ಬಿಳಿ ಪಂಚೆಯಲ್ಲಿ ಶುರುವಾಯಿತು.

ಅವನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಕ್ಯಾಂಟೋನ್ಮೆಂಟಿನ ಹಿರಿಯ ವಾದಕರೊಬ್ಬರು ಅದರಲ್ಲಿ ಆರು ತಂತಿಗೆ ಆರು ಗೆರೆ ಎಳೆದು, ಬೆರಳಿಡುವ ಕಡೆ ಚುಕ್ಕೆ ಇಟ್ಟುಕೊಟ್ಟಿದ್ದರು. ಪೆಂಟಟಾನಿಕ್ ಸ್ಕೇಲ್ ಅಂದ. ಐದೇ ಸ್ವರಗಳ ಶ್ರೇಣಿ. ಅದನ್ನು ಗಿಟಾರಿನ ಕತ್ತಿನ ಮೇಲೆ ಐದು ಜಾಗಗಳಲ್ಲಿ ನುಡಿಸಬಹುದು, ಒಂದೊಂದಕ್ಕೂ ಒಂದೊಂದು ಚುಕ್ಕೆ ನಕ್ಷೆ, ಅದನ್ನು ಬಾಕ್ಸ್ ಎನ್ನುತ್ತಾರೆ. ದಿನಾ ಒಂದೊಂದು ಬಾಕ್ಸನ್ನು ನೂರು ಸಲ ಹತ್ತಿಸಿ ಇಳಿಸುತ್ತಾನಂತೆ. ನನಗೆ ನಗು ಬಂತು. ಇವನ ಹಣೆಬರಹವೂ ಸರಳೆ ವರಸೆಯೇ!

ಮೊದಲನೆಯ ಬಾಕ್ಸ್ ನೋಡಿದ ಕೂಡಲೇ ಅವನ ಕಷ್ಟ ಅರ್ಥವಾಯಿತು. ಅದರಲ್ಲಿ ಕೆಲಸವೆಲ್ಲ ತೋರುಬೆರಳು, ಉಂಗುರಬೆರಳು, ಕಿರುಬೆರಳಿನದ್ದು. ನಡುಬೆರಳು ಸುಮ್ಮನೆ ಮೇಲೆ ನಿಂತು ನೋಡುತ್ತಿರುತ್ತದೆ. ದುಡಿಯುವ ಎರಡು ಹೋಗಿ ಸೋಮಾರಿ ಉಳಿದಿತ್ತು. ನಡುಬೆರಳನ್ನು ಎಷ್ಟು ಚಾಚಿದರೂ ಮೂರು ಮೆಟ್ಟಿಲಾಚೆಗಿನ ಸ್ವರಕ್ಕೆ ಅದು ಹೊತ್ತಿಗೆ ಸರಿಯಾಗಿ ತಲುಪುತ್ತಿರಲಿಲ್ಲ. ತಪ್ಪಿದಾಗೆಲ್ಲ ಅವನು ಸಿಟ್ಟಿನಿಂದ ಮತ್ತೆ ಮೊದಲಿನಿಂದ, ಇನ್ನೂ ಜೋರಾಗಿ, ಇನ್ನೂ ತಪ್ಪಾಗಿ ನುಡಿಸುತ್ತಿದ್ದ. ಮಂಡಿ ಕುಣಿಯುತ್ತಿತ್ತು, ಗಿಟಾರೂ ಅದರ ಜೊತೆ ಕುಣಿಯುತ್ತಿತ್ತು.

ಆದರೆ ನನ್ನ ಕಿವಿ ನಿಮಿರಿತ್ತು. "ತಡಿ, ಇದು ಶುದ್ಧ ಧನ್ಯಾಸಿ!"

"ಇಲ್ಲ ಮಿಸ್, ಇದು ಎ ಮೈನರ್."

"ನಿನ್ನ ಮೈನರ್ರು ಹಾಗಿರಲಿ. ಇದು ನಾನು ಹದಿನಾಲ್ಕು ವರ್ಷಕ್ಕೆ ಕಲಿತ ರಾಗ."

ವೀಣೆ ತೆಗೆದುಕೊಂಡು ಅವೇ ಐದು ಸ್ವರ ನುಡಿಸಿದೆ. ನಮ್ಮಲ್ಲಿ ಐದು ಸ್ವರದ ರಾಗವನ್ನು ಔಡವ ಎನ್ನುತ್ತೇವೆ. ಆಮೇಲೆ ಅವನಿಗೊಂದು ಆಟ ತೋರಿಸಿದೆ. ಅದೇ ಐದು ಸ್ವರ, ಬೇರೆ ಏನೂ ಸೇರಿಸಬಾರದು. ಎರಡನೆಯದನ್ನು ಷಡ್ಜ, ಎಂದರೆ ಆಧಾರದ ಸ, ಎಂದುಕೊಂಡು ಅಲ್ಲಿಂದ ಶುರು ಮಾಡಿದರೆ ಮೋಹನ. ಮೂರನೆಯದರಿಂದ ಮಧ್ಯಮಾವತಿ. ನಾಲ್ಕನೆಯದರಿಂದ ಹಿಂದೋಳ. ಐದನೆಯದರಿಂದ ಶುದ್ಧ ಸಾವೇರಿ. ಇದಕ್ಕೆ ಗ್ರಹಭೇದ ಎಂದು ಹೆಸರು. ಮನೆ ಒಂದೇ, ಯಾವ ಬಾಗಿಲಿಂದ ಒಳಗೆ ಬಂದೆ ಎಂಬುದರ ಮೇಲೆ ಬೇರೆ ಬೇರೆ ಮನೆಯ ಹಾಗೆ ಕಾಣುತ್ತದೆ.

ಮುನಿರಾಜು ನೋಟ್‌ಬುಕ್ ತಿರುವಿದ. ಐದು ರಾಗ, ಐದು ಬಾಕ್ಸ್. ಬಾಯಿ ತೆರೆದುಕೊಂಡು ಕೂತ.

"ಹಂಗಾದ್ರೆ ನಾನು ಎರಡು ವರ್ಷದಿಂದ ಐದು ರೂಮಲ್ಲಿ ಬೇರೆ ಬೇರೆ ಬೀಗ ಹಾಕ್ಕೊಂಡು ಕೂತಿದ್ನಾ?"

"ಬಾಗಿಲು ಒಡೆಯೋಣ ಬಾ" ಎಂದೆ.

ಪ್ರತಿ ಶನಿವಾರ, ಭಾನುವಾರ ಪಾಠ, ಒಟ್ಟು ಹನ್ನೆರಡು. ನೋಟ್‌ಬುಕ್ಕನ್ನು ಅತ್ತೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಸಿದೆ. ಅವನ ಬಾಕ್ಸುಗಳೆಲ್ಲ ಆರು ತಂತಿಗಳ ಮೇಲೆ ಅಡ್ಡಡ್ಡ ಓಡಾಡುತ್ತಿದ್ದವು. ವೀಣೆಯವರು ಒಂದೇ ತಂತಿಯ ಮೇಲೆ ಉದ್ದುದ್ದಕ್ಕೆ ಓಡುತ್ತೇವೆ. ಆದ್ದರಿಂದ ಒಂದೇ ತಂತಿ, ಎರಡೇ ಬೆರಳು, ಕೆಳಗಿನ ಮೆಟ್ಟಿಲಿಂದ ಮೇಲಿನ ಮೆಟ್ಟಿಲವರೆಗೆ ಐದೇ ಸ್ವರ. ಒಂದು ಸ್ವರದಿಂದ ಇನ್ನೊಂದಕ್ಕೆ ಬೆರಳೆತ್ತದೆ ಹೋಗುವುದು ಜಾರು. ನಿಂತ ಮೆಟ್ಟಿಲಲ್ಲೇ ತಂತಿಯನ್ನು ಪಕ್ಕಕ್ಕೆಳೆದು ಮುಂದಿನ ಸ್ವರ ಹುಟ್ಟಿಸುವುದು ಎಳೆತ. ಬೆರಳು ಚಾಚಲಾಗದ ಕಡೆ ಎಳೆತ ಇವನ ಮಾನ ಕಾಪಾಡಬೇಕಿತ್ತು.

ಆದರೆ ಗಿಟಾರಿನ ತಂತಿ ದಪ್ಪ, ಎಳೆದರೆ ಬರುತ್ತಿರಲಿಲ್ಲ. ವಿದೇಶದ ತೆಳು ತಂತಿ ಆ ಕಾಲಕ್ಕೆ ಸಿಗುತ್ತಲೂ ಇರಲಿಲ್ಲ. ನನ್ನ ವೀಣೆಯ ಉಕ್ಕಿನ ತಂತಿ ಬಿಚ್ಚಿಕೊಟ್ಟೆ. ಅದರ ತುದಿ ನಿಲ್ಲಿಸಲು ಗಿಟಾರಿನಲ್ಲಿ ಜಾಗವಿರಲಿಲ್ಲ. ಅತ್ತೆ ಮಾವನವರ ಹಳೆಯ ಅಂಗಿಯಿಂದ ಒಂದು ಗುಂಡಿ ಕಿತ್ತು, ತಂತಿಯನ್ನು ಅದರ ತೂತಿಗೆ ಪೋಣಿಸಿ ಗಂಟು ಹಾಕಿದರು. ನಿಂತಿತು. ಗುಂಡಿ ಎಲ್ಲಿ ಎಂದು ಮಾವನವರು ಕೇಳಿದಾಗ ತಪ್ಪನ್ನು ಅಗಸನ ಮೇಲೆ ಹಾಕಿದೆವು.

ಮೂರನೆಯ ವಾರ ಜಗಳವಾಯಿತು. "ಇಷ್ಟು ನಿಧಾನ ಬಾರಿಸಿದ್ರೆ ಜನ ಡ್ಯಾನ್ಸ್ ಬಿಟ್ಟು ಭಜನೆ ಮಾಡ್ತಾರೆ ಮಿಸ್!" ಎಂದು ಎದ್ದು ನಿಂತ. ನನಗೂ ತಲೆಕೆಟ್ಟಿತ್ತು. "ಹೋಗು, ಟ್ಯಾಂಬೊರಿನ್ ಅಲ್ಲಾಡಿಸು ಹೋಗು" ಎಂದೆ. ಹೋದ. ಪಂಚೆಯಲ್ಲೇ ಹೋದ. ಮಾರನೆಯ ದಿನ ಪಂಚೆ ಒಗೆದು ಮಡಚಿಕೊಂಡು, ಒಂದು ಕಟ್ಟು ಸಬ್ಬಸಿಗೆ ಸೊಪ್ಪಿನ ಜೊತೆ ಬಂದ. ಸೊಪ್ಪು ಅತ್ತೆಗೆ. ನೆಟ್ಟಗೆ ಚಾಪೆಯ ಮೇಲೆ ಕೂತು ಜಾರು ಶುರು ಮಾಡಿದ.

ಅವನು ಹೊರಟ ಮೇಲೂ ನನಗೆ ನೆಮ್ಮದಿ ಇರುತ್ತಿರಲಿಲ್ಲ. ಸಾರಿಗೆ ಒಗ್ಗರಣೆ ಹಾಕುವಾಗ ಸೌಟಿನ ಹಿಡಿಯ ಮೇಲೆ ಎರಡು ಬೆರಳು ಜಾರುತ್ತಿದ್ದವು. ಸ್ಕೂಲಿನಲ್ಲಿ ಹುಡುಗಿಯರು ಸರಳೆ ವರಸೆ ಹೇಳುತ್ತಿದ್ದರೆ ನಾನು ಮನಸ್ಸಿನಲ್ಲೇ ಮ, ನಿ ಬಿಟ್ಟುಬಿಟ್ಟು, ರಿ, ದ ಒಂದೊಂದು ಮೆಟ್ಟಿಲು ಏರಿಸಿ ಮೋಹನ ಮಾಡಿಕೊಳ್ಳುತ್ತಿದ್ದೆ.

ಐದನೆಯ ವಾರ ಅತ್ತೆ, ನಾನು ಬಸ್ಸು ಹಿಡಿದು ಜರಗನಹಳ್ಳಿಗೆ ಹೋದೆವು. ಕರೆಂಟಿನ ಜೊತೆ ಅದು ಹೇಗೆ ಕೇಳಿಸುತ್ತದೋ ನೋಡಬೇಕಿತ್ತು. ಅವನ ಅಭ್ಯಾಸವೆಲ್ಲ ಪಂಪ್‌ಸೆಟ್ಟಿನ ಮನೆಯಲ್ಲೇ, ಬೆರಳು ಬೆಲ್ಟಿಗೆ ಸಿಕ್ಕಿದ ಜಾಗದಲ್ಲೇ. ಒಬ್ಬ ರೇಡಿಯೋ ರಿಪೇರಿಯವನು ಮಾಡಿಕೊಟ್ಟ ಆಂಪ್ಲಿಫೈಯರ್ ಇತ್ತು, ಎಂದರೆ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ. ಮುನಿರಾಜು ಸ್ವಿಚ್ ಹಾಕಿ, ತಂತಿ ಮೀಟಿ, ನಿಧಾನಕ್ಕೆ ಎಳೆದ.

ವೀಣೆಯಲ್ಲಿ ತಂತಿ ಎಳೆಯುತ್ತಾ ಹೋದ ಹಾಗೆ ನಾದ ಸಾಯುತ್ತಾ ಹೋಗುತ್ತದೆ. ಮೇಲಿನ ಸ್ವರ ತಲುಪುವ ಹೊತ್ತಿಗೆ ಅರ್ಧ ಕಿವಿಯಲ್ಲಿ, ಅರ್ಧ ನೆನಪಿನಲ್ಲಿ ಕೇಳಿಸುತ್ತದೆ. ಇಲ್ಲಿ ಅದು ಸಾಯಲೇ ಇಲ್ಲ. ಎಳೆದಷ್ಟೂ ನಿಂತಿತ್ತು, ತಗಡಿನ ಸೂರು ಝುಮ್ಮೆನ್ನುವ ಹಾಗೆ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

"ಕೊಡಿಲ್ಲಿ" ಎಂದು ಕಿತ್ತುಕೊಂಡೆ. ಕಾಲು ಗಂಟೆ ವಾಪಸ್ ಕೊಡಲಿಲ್ಲ. ಕೊನೆಗೆ ಅತ್ತೆಯೇ ಎದ್ದು ಹೋಗಿ ಸ್ವಿಚ್ ಆರಿಸಿದರು.

ಟ್ರಯಲ್ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಕ್ಯಾಂಟೋನ್ಮೆಂಟಿನ ಒಂದು ಹಾಲಿನಲ್ಲಿ. ಅತ್ತೆ ಅವನ ಹಣೆಗೆ ವಿಭೂತಿ ಇಟ್ಟರು. ಅದರ ಮೇಲೆ ಅವನು ಕೂದಲು ಇಳಿಸಿಕೊಂಡ. ನಾವಿಬ್ಬರೂ ಹಿಂದಿನ ಸಾಲಿನಲ್ಲಿ ಕೂತೆವು. ಮುಂದೆ ಇನ್ನೊಬ್ಬ ಹುಡುಗ ಗಿಟಾರ್ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದ. ಎಡಗೈಯ ಬೆರಳುಗಳನ್ನೆಲ್ಲ ಒಂದೊಂದಾಗಿ ಲಟಿಕೆ ಮುರಿಯುತ್ತಿದ್ದ. ನನಗೆ ಅವನನ್ನು ಕಂಡರೆ ಮೈ ಉರಿಯಿತು.

ಹಾಡು ಶುರುವಾಯಿತು. ಎರಡು ಚರಣ ಆದ ಮೇಲೆ ವಿಕ್ಟರ್ ತಲೆಯಾಡಿಸಿದ, ಎಲ್ಲರೂ ಹಿಂದಕ್ಕೆ ಸರಿದರು. ಮುನಿರಾಜು ಮುಂದೆ ಬಂದ, ತಂತಿ ಮೀಟಿದ, ಎಳೆದ.

ಟಣ್ ಎಂದು ತಂತಿ ಬೆರಳಿನಡಿಯಿಂದ ಜಾರಿ ಹೋಯಿತು. ಸ್ವರ ಮುಗ್ಗರಿಸಿ ಬಿತ್ತು. ಮತ್ತೆ ಎಳೆದ, ಮತ್ತೆ ಟಣ್. ಡ್ರಮ್ಸ್ ಹುಡುಗ ನುಡಿಸುತ್ತಲೇ ಹಲ್ಲು ಬಿಟ್ಟ. ಕಾಯುತ್ತಿದ್ದವನು ಲಟಿಕೆ ನಿಲ್ಲಿಸಿ ನೆಟ್ಟಗೆ ಕೂತ. ಮುನಿರಾಜು ತನ್ನ ಬೆರಳನ್ನೇ ನೋಡಿಕೊಂಡ. ದೀಪದ ಬೆಳಕಿನಲ್ಲಿ ಆ ಎರಡು ತುದಿಗಳು ಫಳಫಳ ಹೊಳೆಯುತ್ತಿದ್ದವು.

ಎಣ್ಣೆ.

ವೀಣೆಯವರು ನುಡಿಸುವ ಮುನ್ನ ಎಡಗೈ ಬೆರಳಿನ ತುದಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತೇವೆ. ಪಕ್ಕದಲ್ಲಿ ಹತ್ತಿಯ ಜೊತೆ ಒಂದು ಡಬ್ಬಿ ಸದಾ ಇರುತ್ತದೆ. ಮೂಗು ತುರಿಸಿಕೊಂಡಷ್ಟೇ ಸಹಜ ಅದು, ಮಾಡುತ್ತೇವೆಂಬುದೂ ಗೊತ್ತಾಗುವುದಿಲ್ಲ. ವೀಣೆಯ ಮೆಟ್ಟಿಲು ಎತ್ತರ, ತಂತಿ ಬೆರಳಿನ ಗೀರಿನಲ್ಲಿ ಕೂತಿರುತ್ತದೆ, ಎಣ್ಣೆ ಇದ್ದರೂ ಎಳೆತಕ್ಕೆ ಕೈ ಕೊಡುವುದಿಲ್ಲ. ಗಿಟಾರಿನ ಮೆಟ್ಟಿಲು ತಗ್ಗು. ಅಲ್ಲಿ ಚರ್ಮದ ಹಿಡಿತವೇ ಎಲ್ಲ.

ಇನ್ನು ಒರೆಸಿಕೊಳ್ಳಲು ಹೊತ್ತಿರಲಿಲ್ಲ. ನಾನು ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. ಸ್ಕೂಲಿನಲ್ಲಿ ನಲವತ್ತು ಜನರ ಮೇಲೆ ಕೂಗುವ ಗಂಟಲು ಅದು.

"ಎಳೀಬೇಡ್ವೋ! ಜಾರು! ಜಾರು ಮುನಿರಾಜು!"

ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಮಾತ್ರ ನೋಡಲಿಲ್ಲ. ಎಳೆಯುವುದು ಬಿಟ್ಟ. ನಡುಬೆರಳನ್ನು ಒಂದು ಸಲ ಒತ್ತಿ, ಕೆಳಗಿನಿಂದ ಕತ್ತಿನ ತುದಿಯವರೆಗೆ ಒಂದೇ ಉಸಿರಿಗೆ ಜಾರಿಸಿದ. ಎಣ್ಣೆಯ ಮೇಲೆ ಬೆರಳು ನೀರಿನಲ್ಲಿ ಮೀನು ಹೋದ ಹಾಗೆ ಹೋಯಿತು. ಕರಕರ ಸದ್ದಿಲ್ಲ, ತಡೆಯಿಲ್ಲ. ಶುದ್ಧ ಧನ್ಯಾಸಿಯಲ್ಲಿ ಹತ್ತಿದವನು ಮೋಹನದಲ್ಲಿ ಇಳಿದ, ಹಿಂದೋಳದ ಬಾಗಿಲು ತೆರೆದು ಇಣುಕಿದ, ಮತ್ತೆ ಮೊದಲಿನ ಮನೆಗೆ ಬಂದ. ಎಲ್ಲ ಒಂದೇ ತಂತಿಯ ಮೇಲೆ, ಅಂಗಿಯ ಗುಂಡಿಗೆ ಕಟ್ಟಿದ ವೀಣೆಯ ತಂತಿಯ ಮೇಲೆ. ಡ್ರಮ್ಸ್ ಹುಡುಗನ ಹಲ್ಲು ಒಳಗೆ ಹೋಯಿತು. ಎರಡು ಸುತ್ತಿನಲ್ಲಿ ಮುಗಿಯಬೇಕಾದದ್ದನ್ನು ವಿಕ್ಟರ್ ಕೈಸನ್ನೆ ಮಾಡಿ ನಾಲ್ಕು ಸುತ್ತು ನಡೆಸಿದ.

ಮುಗಿದ ಮೇಲೆ ವಿಕ್ಟರ್ ನಮ್ಮ ಹತ್ತಿರ ಬಂದ. ಕಾಯುತ್ತಿದ್ದ ಹುಡುಗ ಆಗಲೇ ಗಿಟಾರನ್ನು ಚೀಲಕ್ಕೆ ಹಾಕುತ್ತಿದ್ದ, ಪಾಪ.

"ಇಲ್ಲಿಂದ ಏನೋ ಕೂಗಿದ್ರಲ್ಲ ಮೇಡಂ, ಏನದು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ಮಂತ್ರ. ಹೊರಗಿನೋರ್ಗೆ ಹೇಳ್ಬಾರ್ದು."

ಮುನಿರಾಜು ಉಳಿದ. ಆ ಗ್ರೂಪ್ ಮುರಿಯುವವರೆಗೂ ನಾಲ್ಕು ವರ್ಷ ಅವನೇ ಲೀಡ್. ನುಡಿಸುವ ಮುಂಚೆ ವಿಕ್ಟರ್ ಪ್ರತಿ ಭಾನುವಾರ "ಎಣ್ಣೆ ತಂದ್ಯಾ?" ಎಂದು ಕೇಳುತ್ತಿದ್ದನಂತೆ.

ಆದರೆ ನನಗೆ ಸಮಾಧಾನವಾಗಲಿಲ್ಲ. ಬಸ್ ಸ್ಟಾಪಿನಲ್ಲಿ ಅವನ ಕಿವಿ ಹಿಂಡದಿದ್ದದ್ದೇ ಹೆಚ್ಚು. "ಎಣ್ಣೆ ಹಚ್ಕೋ ಅಂತ ನಾನು ಯಾವಾಗ್ಲಾದ್ರೂ ಹೇಳಿದ್ನಾ?"

"ಇಲ್ಲ ಮಿಸ್."

"ಪಾಠದಲ್ಲಿ ಒಂದು ದಿನಾನೂ ಹಚ್ಕೊಂಡಿರ್ಲಿಲ್ವಲ್ಲೋ!"

"ನೀವು ದಿನಾ ಹಚ್ಕೋತಿದ್ರಿ. ಅದೇ ಗುಟ್ಟು ಅನ್ಕೊಂಡೆ, ದೊಡ್ಡ ದಿನಕ್ಕೆ ಅಂತ ಇಟ್ಕೊಂಡಿದ್ದೆ." ತಲೆ ತಗ್ಗಿಸಿದ. "ಮೇಲೆ ಹತ್ತೋ ಮುಂಚೆ ಮಿಸ್, ನೀವು ಹೇಳಿದ್ದೆಲ್ಲಾ ಮರ್ತೋಯ್ತು. ನೀವು ಮಾಡ್ತಿದ್ದದ್ದು ಒಂದೇ ಜ್ಞಾಪಕ ಇತ್ತು."

ಹನ್ನೆರಡು ಪಾಠದಲ್ಲಿ ನಾನು ಸಾವಿರ ಮಾತಾಡಿದ್ದೆ. ಅವನು ಮನೆಗೆ ಒಯ್ದದ್ದು ಮಾತಿಲ್ಲದೆ ಮಾಡಿದ ಒಂದನ್ನು. ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಪಾಠ ಹೇಳಿದೆ. ಆ ಕೆಲಸ ಕಲಿಸಿದ್ದನ್ನೆಲ್ಲ ಒಂದು ಮಾತಿನಲ್ಲಿ ಹೇಳು ಎಂದರೆ ಇಷ್ಟೇ ಹೇಳುತ್ತೇನೆ: ಟೀಚರಾದವಳು ತನ್ನ ಬಾಯಿಯ ಮೇಲಿಡುವ ನಿಗಾದ ಎರಡರಷ್ಟನ್ನು ತನ್ನ ಕೈಕಾಲಿನ ಮೇಲಿಡಬೇಕು.

ಕೈ ಎಂದು ಬರೆದರೆ ಸಾಕಾಗಿತ್ತು. ಕಾಲು ಎಂದು ಸೇರಿಸಿದ್ದಕ್ಕೆ ಕಾರಣ ಮಾರನೆಯ ದಿನದ ಸೋಮವಾರ. ಮೊದಲ ಪೀರಿಯಡ್, ಸರಳೆ ವರಸೆ. ನಲವತ್ತು ಲಂಗಗಳು ಅಲ್ಲಾಡುತ್ತಿದ್ದವು. "ಕಾಲು!" ಎಂದು ಗದರಲು ಬಾಯಿ ತೆರೆದವಳು, ಯಾಕೋ ಬಗ್ಗಿ ನನ್ನ ಸೀರೆಯ ಅಂಚು ನೋಡಿಕೊಂಡೆ. ಅದು ಎಲ್ಲರಿಗಿಂತ ಜೋರಾಗಿ ಅಲ್ಲಾಡುತ್ತಿತ್ತು. ನಾನು ಕಾಲು ನಿಲ್ಲಿಸಿದೆ. ಮುಂದಿನ ಸಾಲಿನಲ್ಲಿ ನಾಗರತ್ನಳ ಲಂಗ ನಿಂತಿತು. ಆಮೇಲೆ ಅವಳ ಪಕ್ಕದವಳದ್ದು. ಸಾಲಿನಿಂದ ಸಾಲಿಗೆ ಹಿಂದಿನ ಗೋಡೆಯವರೆಗೆ ಒಂದೊಂದಾಗಿ ಎಲ್ಲ ನಿಂತವು.

ಇದನ್ನು ಬರೆಯುವಾಗಲೂ ಕಾಲು ಅಲ್ಲಾಡುತ್ತಲೇ ಇದೆ. ಮೊಮ್ಮಗಳು ಎದುರಿಗಿಲ್ಲ, ಪರವಾಗಿಲ್ಲ.